ಗುಡ್ಡದಿಂದ ಕೆರೆಯವರೆಗೆ ಒಂದು ನಡಿಗೆ

ಬೇಸಿಗೆ ರಜೆ ಬಂತೆಂದರೆ ನನ್ನ ಮೊಮ್ಮಗಳದು ಒಂದೇ ಹಟ. "ತಾತ, ಊರಿಗೆ ಯಾವಾಗ?" ಅವಳಿಗೆ ಹನ್ನೊಂದು ವರ್ಷ, ಆರನೇ ತರಗತಿ. ಊರೆಂದರೆ ಅವಳಿಗೆ ಮಾವಿನಕಾಯಿ, ಕರು, ಚಿಕ್ಕಜ್ಜಿ ಮಾಡುವ ಅವರೆಬೇಳೆ ಸಾರು. ನನಗೆ ಊರೆಂದರೆ ಬೇರೆ ಏನೇನೋ. ನಲವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿ ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಊರಿನ ಜಮೀನನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ.

ಈ ಸಲ ಹೊರಡುವ ಹೊತ್ತಿಗೆ ತಮ್ಮನ ಫೋನು ಬಂತು. "ಅಣ್ಣಾ, ಪಂಚಾಯಿತಿಯವರು ಊರಿನ ನೆಲವನ್ನೆಲ್ಲ ನೋಡಿ ಯೋಜನೆ ಬರೀತಾರಂತೆ. ಮೂರು ದಿನದ ಕೆಲಸ. ನೀನೂ ಇದ್ದರೆ ಚೆನ್ನ, ಹಳೇದು ಗೊತ್ತಿರೋರು ಬೇಕಂತೆ." ಹಳೆಯದು ಗೊತ್ತಿರುವವರು ಬೇಕು ಅಂತ ಯಾರಾದರೂ ಕರೆದರೆ ನನ್ನ ವಯಸ್ಸಿನವರಿಗೆ ಅದಕ್ಕಿಂತ ಖುಷಿ ಏನಿದೆ? ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿದೆವು.

ಹೊಸಕೋಟೆಯ ದೊಡ್ಡ ಕೆರೆ, ನರಸಾಪುರ, ಆಮೇಲೆ ಕೋಲಾರ. ಕೋಲಾರ ಬರುತ್ತಿದ್ದಂತೆ ಎಡಕ್ಕೆ ಅಂತರಗಂಗೆಯ ಬೆಟ್ಟ ಕಾಣುತ್ತದೆ. ಬಂಡೆಯ ಮೇಲೆ ಬಂಡೆ ಪೇರಿಸಿಟ್ಟ ಹಾಗೆ. ಅಲ್ಲಿಂದ ಮುಂದೆ ಮುಳಬಾಗಿಲಿನ ದಾರಿ. ಮೂಡಲ ಬಾಗಿಲೇ ಮುಳಬಾಗಿಲು ಆಯಿತು ಎನ್ನುತ್ತಾರೆ, ಮೈಸೂರು ಸೀಮೆಗೆ ಪೂರ್ವದ ಬಾಗಿಲು. ಆ ರಸ್ತೆಯಿಂದ ಒಳಕ್ಕೆ ಏಳೆಂಟು ಕಿಲೋಮೀಟರ್ ಹೋದರೆ ನಮ್ಮೂರು.

ಕಿಟಕಿಯ ಪಕ್ಕ ಕುಳಿತ ಮೊಮ್ಮಗಳು ಕೆರೆಗಳನ್ನು ಎಣಿಸುತ್ತಿದ್ದಳು. "ತಾತ, ಇಷ್ಟೊಂದು ಕೆರೆ ಯಾಕೆ?"

"ನಮ್ಮ ಕಡೆ ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲ ಕಂದಾ. ಪಾಲಾರ್ ಹುಟ್ಟೋದು ಇಲ್ಲೇ. ಆದರೆ ಹುಟ್ಟಿದ ಮನೇಲಿ ಅದು ಮಳೆ ಬಂದಾಗ ಮಾತ್ರ ನದಿ. ಅದಕ್ಕೇ ಹಿರಿಯರು ಬಿದ್ದ ಮಳೆಯನ್ನ ಅಲ್ಲಲ್ಲೇ ಹಿಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಅದೂ ತುಂಬಿದರೆ ಅದರ ಕೆಳಗಿನದಕ್ಕೆ. ಸರಪಳಿ ಹಾಗೆ."

"ಸರಪಳಿ ಕೊನೆಗೆ ಎಲ್ಲಿ ಹೋಗುತ್ತೆ?"

ನಮ್ಮೂರ ಕೋಡಿಯ ನೀರು ಹಳ್ಳದಿಂದ ಹಳ್ಳಕ್ಕೆ ಸೇರಿ ಪಾಲಾರಿಗೆ ಹೋಗುತ್ತದೆ. ಪಾಲಾರಿಗೆ ಅಡ್ಡಲಾಗಿ ಬೇತಮಂಗಲದ ದೊಡ್ಡ ಕೆರೆ ಇದೆ, ಕೆ.ಜಿ.ಎಫ್.ನ ಚಿನ್ನದ ಗಣಿ ಊರಿಗೆ ನೀರು ಕೊಟ್ಟದ್ದು ಅದೇ. ಅಲ್ಲಿಂದ ನದಿ ಆಂಧ್ರದ ಮೂಲೆಯನ್ನು ದಾಟಿ ತಮಿಳುನಾಡಿಗೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತದೆ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ನಿಲ್ದಾಣ ಬಂತು.

ಅರಳಿಕಟ್ಟೆಯ ಮುಂದೆ ರಂಗೋಲಿ

ಮೊದಲ ದಿನದ ಕೆಲಸ ಅರಳಿಕಟ್ಟೆಯ ಮುಂದಿನ ಬಯಲಿನಲ್ಲಿ. ಕಡತ, ಲ್ಯಾಪ್‌ಟಾಪು ಎಲ್ಲ ಇರುತ್ತದೆ ಎಂದುಕೊಂಡಿದ್ದೆ. ಬಂದಿದ್ದ ಎಂಜಿನಿಯರ್ ಹುಡುಗಿ ಒಂದು ಚೀಲ ರಂಗೋಲಿ ಪುಡಿ, ಅರಿಶಿನ, ಕುಂಕುಮ, ಹುಣಸೆ ಬೀಜ ತಂದಿದ್ದಳು. ಊರಿನ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ವಯಸ್ಸು ಇಪ್ಪತ್ತೈದು ಇರಬಹುದು.

"ನಾನು ಕಾಗದದ ನಕ್ಷೆ ನೋಡಿದ್ದೀನಿ. ನಿಮ್ಮ ತಲೆಯೊಳಗಿನ ನಕ್ಷೆ ನೋಡಬೇಕು. ನೆಲದ ಮೇಲೆ ಬರೀರಿ" ಎಂದಳು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ರಂಗೋಲಿ ಹಿಡಿದು ಅಭ್ಯಾಸ ಇದ್ದವರು ಹೆಂಗಸರು. ನನ್ನ ನಾದಿನಿ ಮುಂದೆ ಬಂದು ಮೊದಲು ಗುಡ್ಡ ಬರೆದಳು, ಆಮೇಲೆ ಕೆರೆಯ ಏರಿ. "ಕೆರೆ ಇಷ್ಟು ಚಿಕ್ಕದೇನೇ?" ಎಂದು ಒಬ್ಬರು, "ಗೋಮಾಳ ಬಿಟ್ಟೆಯಲ್ಲ" ಎಂದು ಇನ್ನೊಬ್ಬರು. ಅರ್ಧ ಗಂಟೆಯಲ್ಲಿ ಇಡೀ ಊರು ನೆಲದ ಮೇಲೆ ಕೂತಿತ್ತು. ಹೊಲಗಳಿಗೆ ಅರಿಶಿನ, ಮಾವಿನ ತೋಪಿಗೆ ಎಲೆ, ದಾರಿಗಳಿಗೆ ಬಿಳಿ ಗೆರೆ. ಮಕ್ಕಳಿಗೆ ಒಂದು ಕೆಲಸ ಸಿಕ್ಕಿತು. ನೀರು ಬರುವ ಕೊಳವೆಬಾವಿಗೆ ಒಂದು ಬಿಳಿ ಕಲ್ಲು, ಬತ್ತಿದ್ದಕ್ಕೆ ಒಂದು ಹುಣಸೆ ಬೀಜ.

ಬಿಳಿ ಕಲ್ಲು ಹನ್ನೊಂದು. ಹುಣಸೆ ಬೀಜ ಹಾಕುತ್ತಾ ಹಾಕುತ್ತಾ ಮಕ್ಕಳ ಮುಷ್ಟಿ ಖಾಲಿಯಾಯಿತು. ಇನ್ನೊಂದು ಹಿಡಿ ತರಿಸಬೇಕಾಯಿತು. ಕೊನೆಗೆ ಎಣಿಸಿದರೆ ಅರವತ್ತನಾಲ್ಕು. ನಕ್ಕು ಗದ್ದಲ ಮಾಡುತ್ತಿದ್ದ ಜನ ಆಗ ಸುಮ್ಮನಾದರು. ಎಲ್ಲರಿಗೂ ತಮ್ಮ ತಮ್ಮ ಬೀಜ ಗೊತ್ತಿತ್ತು, ಅದರ ಹಿಂದಿನ ಸಾಲವೂ ಗೊತ್ತಿತ್ತು. ಒಟ್ಟಿಗೆ ಎಲ್ಲವನ್ನೂ ನೋಡಿದ್ದು ಅದೇ ಮೊದಲು.

ಹೀಗೆ ಊರಿನವರೇ ತಮ್ಮ ನೆಲವನ್ನು ಅಳೆದು ಬರೆಯುವ ಪದ್ಧತಿ ಹೊಸದಲ್ಲ. 1980ರ ದಶಕದ ಕೊನೆಯಿಂದಲೂ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇದು ನಡೆಯುತ್ತಿದೆ. ಪಿ.ಆರ್.ಎ. ಎಂದು ಕರೆಯುತ್ತಾರೆ. ಓದು ಬಾರದವರೂ ಇದರಲ್ಲಿ ಪಂಡಿತರೇ.

ಇಳಿಜಾರಿನ ಪಾಠ

ಎರಡನೆಯ ದಿನ ಬೆಳಿಗ್ಗೆ ಆರಕ್ಕೇ ಗುಡ್ಡ ಹತ್ತಿದೆವು. ನೆಲ ನೋಡುವುದಕ್ಕೆ ಒಂದು ಕ್ರಮ ಇದೆಯಂತೆ. ತುದಿಯಿಂದ ಶುರುಮಾಡಿ ನೀರು ಇಳಿಯುವ ದಾರಿಯಲ್ಲೇ ಇಳಿಯಬೇಕು. ಎಲ್ಲಿ ಮಣ್ಣಿನ ಬಣ್ಣ ಬದಲಾಗುತ್ತದೆಯೋ, ಗಿಡ ಬದಲಾಗುತ್ತದೆಯೋ ಅಲ್ಲಿ ನಿಂತು ಬರೆದುಕೊಳ್ಳಬೇಕು. ಮೇಡಂ ಹಾಳೆಯಲ್ಲಿ ಮೂರು ಪ್ರಶ್ನೆ ಬರೆದಿದ್ದಳು: ಇಲ್ಲಿ ಏನಿದೆ? ಏನು ಕೆಟ್ಟಿದೆ? ಇದು ಯಾರಿಗೆ ಬೇಕು?

"ಮೂರನೇದೇ ಕಷ್ಟ" ಎಂದಳು. ಅದು ಎಷ್ಟು ನಿಜ ಎಂದು ನನಗೆ ಸಂಜೆಯ ಹೊತ್ತಿಗೆ ತಿಳಿಯಿತು.

ಗುಡ್ಡದ ಮೇಲೆ ಬಂಡೆ, ಬಂಡೆಯ ಸಂದಿನಲ್ಲಿ ಸೀತಾಫಲ, ಬಂದರಿಕೆ, ತಂಗಡಿ. ಒಂದು ದೊಣೆಯಲ್ಲಿ ಮಾರ್ಚಿ ತಿಂಗಳ ಮಳೆಯ ನೀರು ಇನ್ನೂ ಅಂಗೈಯಷ್ಟು ನಿಂತಿತ್ತು, ಸುತ್ತ ನವಿಲಿನ ಹೆಜ್ಜೆ. ಮೊಮ್ಮಗಳು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. "ಇಲ್ಲಿ ಏನು ಮಾಡಬೇಕು?" ಎಂದು ಮೇಡಂ ಕೇಳಿದಾಗ ನಮ್ಮೂರ ನೀರಗಂಟಿ ಅಣ್ಣ, "ಏನೂ ಮಾಡಬೇಡಿ. ಹಾಗೇ ಬಿಡಿ" ಎಂದರು. ಅವಳು "ಹಾಗೇ ಬಿಡುವುದು" ಎಂದೇ ಬರೆದಳು. ಯೋಜನೆ ಎಂದರೆ ಎಲ್ಲ ಕಡೆಯೂ ಏನಾದರೂ ಕಟ್ಟುವುದಲ್ಲ ಎಂದು ಮಕ್ಕಳಿಗೆ ಅಲ್ಲೇ ಗೊತ್ತಾಯಿತು.

ನೀರಗಂಟಿ ಎಂದರೆ ಯಾರು ಎಂದು ಈಗಿನ ಮಕ್ಕಳಿಗೆ ಗೊತ್ತಿರಲಾರದು. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರತಿಯಲ್ಲಿ ಬಿಡುವವರು. ಸುಗ್ಗಿಯಲ್ಲಿ ಅವರಿಗೆ ಮನೆಮನೆಯಿಂದ ಧಾನ್ಯ ಸಲ್ಲುತ್ತಿತ್ತು. ನಮ್ಮೂರಿನ ಈ ಅಣ್ಣನಿಗೆ ಈಗ ಎಪ್ಪತ್ತೆಂಟು. ಕೆರೆ ತುಂಬದೆ ಎಷ್ಟೋ ವರ್ಷವಾಗಿ ಅವರ ಕೆಲಸವೂ ನಿಂತಿದೆ. ಆದರೂ ಜನ ಅವರನ್ನು ನೀರಗಂಟಿ ಎಂದೇ ಕರೆಯುತ್ತಾರೆ.

ಗುಡ್ಡದ ಕೆಳಗೆ ಗೋಮಾಳ. ಅಲ್ಲಿ ಮಕ್ಕಳ ಕೈಗೆ ಮೇಡಂ ಒಂದು ಸಾಧನ ಕೊಟ್ಟಳು. ಮೂರು ಕೋಲು ಸೇರಿಸಿ ಇಂಗ್ಲಿಷಿನ 'ಎ' ಅಕ್ಷರದ ಹಾಗೆ ಕಟ್ಟಿದ್ದು. ತುದಿಯಿಂದ ಒಂದು ದಾರ, ದಾರದ ಕೊನೆಗೆ ಒಂದು ಕಲ್ಲು. ಅಡ್ಡ ಕೋಲಿನ ನಡುವೆ ಒಂದು ಗುರುತು. ದಾರ ಸರಿಯಾಗಿ ಗುರುತಿನ ಮೇಲೆ ನಿಂತರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಒಂದು ಕಾಲು ಊರಿ ಇನ್ನೊಂದನ್ನು ತಿರುಗಿಸುತ್ತಾ, ಮಟ್ಟ ಸಿಕ್ಕಲ್ಲೆಲ್ಲ ಗೂಟ ಹೊಡೆಯುತ್ತಾ ಹೋದರೆ ಗುಡ್ಡದ ಮೈಮೇಲೆ ಸಮಮಟ್ಟದ ಗೆರೆ ಮೂಡುತ್ತದೆ. ಆ ಗೆರೆಯ ಮೇಲೆ ಬದು ಹಾಕಿದರೆ ನೀರು ಓಡದೆ ನಿಂತು ಇಂಗುತ್ತದೆ. ಗೂಟಗಳ ಸಾಲು ಹಾವಿನಂತೆ ಬಳುಕಿ ಹೋದದ್ದನ್ನು ನೋಡಿ ಮೊಮ್ಮಗಳು, "ನಾನು ನೇರ ಗೆರೆ ಬರುತ್ತೆ ಅಂದುಕೊಂಡಿದ್ದೆ" ಎಂದಳು.

ಗೋಮಾಳದಲ್ಲೇ ಮೊದಲ ಜಗಳವೂ ಆಯಿತು. ಇಡೀ ಗೋಮಾಳಕ್ಕೆ ಗುಂಡಿ ತೋಡಿ ಸಸಿ ನೆಡಬೇಕು ಎಂದು ಕೆಲವರು. "ಹಾಗಾದರೆ ನನ್ನ ನಲವತ್ತು ಕುರಿಯನ್ನ ನಿಮ್ಮ ಮನೆ ಅಟ್ಟದ ಮೇಲೆ ಮೇಯಿಸಲಾ?" ಎಂದು ಕುರಿ ಕಾಯುವ ಅಜ್ಜಿ. ಖಾಲಿ ಜಾಗ ಎಂದು ನಮಗೆ ಕಂಡದ್ದು ಆಕೆಗೆ ಖಾಲಿಯಲ್ಲ, ಹುಲ್ಲುಗಾವಲು. ವಾದ ಆಗಿ ಆಗಿ ಒಂದು ದಾರಿ ಹೊಳೆಯಿತು. ಗೋಮಾಳವನ್ನು ಮೂರು ಪಾಲು ಮಾಡುವುದು. ಪ್ರತಿವರ್ಷ ಮಳೆಗಾಲದಲ್ಲಿ ಒಂದು ಪಾಲಿಗೆ ಕುರಿ, ದನ ಬಿಡದೆ ಹುಲ್ಲು ಬೀಜ ಕಟ್ಟಲು ಬಿಡುವುದು, ಉಳಿದ ಎರಡರಲ್ಲಿ ಮೇಯಿಸುವುದು. ಸಸಿ ಬದುವಿನ ಉದ್ದಕ್ಕೆ ಮಾತ್ರ. ಹೊಂಗೆ, ಬೇವು, ಹುಣಸೆ. ಅಜ್ಜಿ ಒಪ್ಪಿದಳು, ಆದರೆ ಮೊದಲು ಯಾವ ಪಾಲು ಮುಚ್ಚುವುದು ಎಂದು ತಾನೇ ಹೇಳುತ್ತೇನೆ ಎಂದಳು.

ಇನ್ನೂ ಕೆಳಗೆ ನೀಲಗಿರಿ ತೋಪು. ಅದರಲ್ಲಿ ಅರ್ಧ ಎಕರೆ ನನ್ನ ಪಾಲಿನದು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂದು ಎಲ್ಲೆಲ್ಲೂ ಈ ಸಸಿ ಕೊಟ್ಟರು. ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಊರಲ್ಲಿಲ್ಲದವರಿಗೆ ಅನುಕೂಲ. ನೆಟ್ಟು ಮರೆತರಾಯಿತು. 2017ರಲ್ಲಿ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ನೆಲದ ನೀರನ್ನು ಹೀರುತ್ತದೆ ಎಂಬ ಕಾರಣಕ್ಕೆ. ಹಳೆಯವು ಹಾಗೇ ನಿಂತಿವೆ. ಮರದ ಕೆಳಗೆ ಒಣ ಎಲೆ ಬಿಟ್ಟು ಹುಲ್ಲಿನ ಎಸಳೂ ಇರಲಿಲ್ಲ.

ತೋಪಿನ ನಂತರ ಹೊಲಗಳು. ಮೇಲಿನ ಹೊಲದ ಮಣ್ಣು ಕೆಂಪು, ಕೆಳಕ್ಕೆ ಬಂದಂತೆ ಕಂದು, ಕೆರೆ ಅಂಗಳದ ಗೋಡು ಕಪ್ಪು. ಮಕ್ಕಳು ಮೂರು ಕಡೆಯ ಮಣ್ಣನ್ನು ಮೂರು ಸೀಸೆಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟರು. ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ, ಅದರ ಮೇಲೆ ನಯವಾದ ಹೂಳು, ಜೇಡಿ ಕೂರಲು ಒಂದು ದಿನವಾದರೂ ಬೇಕು. ಪದರಗಳನ್ನು ಸ್ಕೇಲಿನಲ್ಲಿ ಅಳೆದರೆ ಯಾವ ಮಣ್ಣು ನೀರು ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂದು ಅಂದಾಜು ಸಿಗುತ್ತದೆ. ಇದನ್ನು ನೀವೂ ಮನೆಯಲ್ಲಿ ಮಾಡಬಹುದು.

ಒಂದು ಲೆಕ್ಕವನ್ನೂ ಮಾಡಿಸಿದೆ, ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ನಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದು ಹಿಡಿಯೋಣ. ಗುಣಿಸಿದರೆ ಎಕರೆಗೆ 28 ಲಕ್ಷ ಲೀಟರ್ ದಾಟಿತು. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಸುಮಾರು 470 ಟ್ಯಾಂಕರ್!

"ಒಂದೇ ಎಕರೆಗಾ? ಮತ್ತೆ ಅಷ್ಟು ನೀರು ಎಲ್ಲಿ ಹೋಗುತ್ತೆ ತಾತ?" ಎಂದು ಮೊಮ್ಮಗಳು ಬಾಯಿ ತೆರೆದಳು.

ನೀರಗಂಟಿ ಅಣ್ಣ ನಕ್ಕರು. "ಬಾ ಮಗಾ, ಎಲ್ಲಿ ಹೋಗುತ್ತೆ ತೋರಿಸ್ತೀನಿ."

ಎಂಟಾಣೆ ಕಾಲುವೆ

ಅವರು ಕರೆದುಕೊಂಡು ಹೋದದ್ದು ರಾಜಕಾಲುವೆಗೆ. ಗುಡ್ಡದ, ಹೊಲಗಳ ನೀರನ್ನೆಲ್ಲ ಕೂಡಿಸಿ ಕೆರೆಗೆ ತರುವ ದಾರಿ ಅದು. ಮೇಡಂ ಹಳೆಯ ಸರ್ವೆ ಟಿಪ್ಪಣಿಯ ನಕಲು ತಂದಿದ್ದಳು. ಅದರಲ್ಲಿ ಕಾಲುವೆಯ ಅಗಲ 'ಎಂಟಾಣೆ' ಎಂದಿತ್ತು. ಮಕ್ಕಳಿಗೆ ಕಕ್ಕಾಬಿಕ್ಕಿ, ಅಗಲಕ್ಕೂ ಆಣೆಗೂ ಏನು ಸಂಬಂಧ? ನಾನೇ ವಿವರಿಸಿದೆ. ಹಿಂದೆ ಭೂಮಿ ಅಳೆಯುತ್ತಿದ್ದದ್ದು 33 ಅಡಿಯ ಸರಪಳಿಯಲ್ಲಿ. ಅದಕ್ಕೆ ಹದಿನಾರು ಪಾಲು, ಒಂದೊಂದು ಪಾಲಿಗೂ ಒಂದು ಆಣೆ ಎಂದು ಹೆಸರು, ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ. ಉದ್ದ 33 ಅಡಿ, ಅಗಲ 33 ಅಡಿ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾದರೆ ಎಂಟಾಣೆ ಎಂದರೆ ಅರ್ಧ ಸರಪಳಿ, ಹದಿನಾರೂವರೆ ಅಡಿ.

ಮಕ್ಕಳು ಟೇಪು ಹಿಡಿದು ಅಳೆಯುತ್ತಾ ಇಳಿದರು. ಮೇಲೆ 15 ಅಡಿ. ಇನ್ನೊಂದು ಕಡೆ 14. ಮುಂದೆ ಕಾಲುವೆ ತಿರುಗುವಲ್ಲಿ ನನ್ನ ಮೊಮ್ಮಗಳೇ ಟೇಪಿನ ತುದಿ ಹಿಡಿದು ನಿಂತಿದ್ದಳು. ಜೋರಾಗಿ ಕೂಗಿದಳು, "ಐದು ಅಡಿ!"

ಯಾರೂ ಮಾತಾಡಲಿಲ್ಲ. "ತಾತ, ಇಲ್ಲಿ ಯಾಕೆ ಇಷ್ಟು ಸಣ್ಣ? ಇದು ಯಾರ ಹೊಲ?"

ಅದು ನಮ್ಮ ಹೊಲ.

ಮಕ್ಕಳೇ, ನಿಮ್ಮಲ್ಲಿ ಸುಳ್ಳು ಹೇಳಲಾರೆ. ಆ ಕಲ್ಲಿನ ಬದುವನ್ನು ನೋಡಿದ ಕೂಡಲೇ ನನ್ನ ಅಂಗೈ ನೆನಪು ಮಾಡಿಕೊಂಡಿತು. ನಾನು ಓದು ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ವರ್ಷ ಅದು. ಎರಡು ಮೂರು ವರ್ಷದಿಂದ ಮಳೆ ಸರಿಯಾಗಿ ಆಗಿರಲಿಲ್ಲ, ಕಾಲುವೆಯಲ್ಲಿ ನೀರೇ ಇರಲಿಲ್ಲ. ನಮ್ಮಪ್ಪ ಪ್ರತಿವರ್ಷ ಒಂದೊಂದು ಸಾಲು ಕಾಲುವೆಯೊಳಕ್ಕೆ ಉಳುತ್ತಾ ಬಂದಿದ್ದರು. ಆ ವರ್ಷ ಬದುವನ್ನೇ ಎತ್ತಿ ಮುಂದಕ್ಕೆ ಹಾಕಿದರು. ಕಲ್ಲು ಹೊತ್ತದ್ದು ನಾನು. ಒಣಗಿದ ಜಾಗ ಸುಮ್ಮನೆ ಬಿದ್ದಿದೆಯಲ್ಲ ಎಂದು ಅಪ್ಪ ಹೇಳಿದ್ದರು. ನನಗೂ ಹಾಗೇ ಕಂಡಿತ್ತು.

ಎದುರು ದಡದ ಹೊಲದ ಅಕ್ಕ ಆಗ ಬಾಯಿಬಿಟ್ಟರು. "ದೊಡ್ಡ ಮಳೆ ಬಂದರೆ ಈ ಐದಡೀಲಿ ನೀರು ಹಿಡಿಸಲ್ಲ ಮೇಷ್ಟ್ರೇ. ದಡ ಹೊಡೆದು ನನ್ನ ಹೊಲದ ಮೇಲೆ ಹೋಗುತ್ತೆ. ಮೇಲ್ಮಣ್ಣೆಲ್ಲ ಎತ್ತಿಕೊಂಡು ರಸ್ತೆ ಪಕ್ಕದ ಹಳ್ಳ ಸೇರುತ್ತೆ. ಕೆರೆಗೂ ಇಲ್ಲ, ನನಗೂ ಇಲ್ಲ. ನಿಮ್ಮಪ್ಪನ ಕಾಲದಿಂದ ಹೀಗೇ." ಆಕೆಯ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲವೇನೋ.

ಕೆರೆಯ ಹೂಳೆತ್ತಲು ಹಣ ಬೇಕು ಎಂದು ಊರವರ ಪಟ್ಟಿಯಲ್ಲಿ ಮೊದಲು ಬರೆದಿತ್ತು. ನೀರಗಂಟಿ ಅಣ್ಣ ಕಾಲುವೆ ತೋರಿಸಿ, "ಬಾಯಿ ಹೊಲಿದುಬಿಟ್ಟು ಹೊಟ್ಟೆ ದೊಡ್ಡದು ಮಾಡಿದರೆ ಏನು ಬಂತು?" ಎಂದರು.

ಮೊಮ್ಮಗಳು ಲೆಕ್ಕ ಹಾಕಿದಳು. ಹದಿನಾರೂವರೆಯಲ್ಲಿ ಐದು ಕಳೆದರೆ ಹನ್ನೊಂದೂವರೆ ಅಡಿ. ನಮ್ಮ ಹೊಲದ ಉದ್ದ 200 ಅಡಿ. ಗುಣಿಸಿದರೆ 2,300 ಚದರ ಅಡಿ. ಒಂದು ಗುಂಟೆಗೆ 1,089. "ಎರಡು ಗುಂಟೆ, ಚೂರು ಜಾಸ್ತಿ" ಎಂದು ಪುಸ್ತಕದಲ್ಲಿ ಬರೆದಳು. ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು.

ಎರಡು ಹಸುವಿನ ಹೊಟ್ಟೆ

ರಾತ್ರಿ ಊಟಕ್ಕೆ ಕೂತಾಗ ತಮ್ಮ ಮಾತಾಡಲಿಲ್ಲ. ಮುದ್ದೆ ನುಂಗಿ ಕೈ ತೊಳೆದು ಜಗುಲಿಗೆ ಹೋದ. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ಬಿಟ್ಟುಬಿಡೋಣ ಕಣೋ" ಎಂದೆ.

"ನಿನಗೆ ಸುಲಭ ಅಣ್ಣಾ. ಪಿಂಚಣಿ ಬರುತ್ತೆ, ನಿನಗದು ಎರಡು ಗುಂಟೆ. ನನಗೆ ಎರಡು ಹಸುವಿನ ಹೊಟ್ಟೆ."

ಅವನು ಹೇಳಿದ್ದು ನಿಜ. ಆ ಪಟ್ಟಿಯಲ್ಲಿ ಅವನು ಸೀಮೆಹುಲ್ಲು ಬೆಳೆಯುತ್ತಾನೆ. ಕಾಲುವೆಯ ತಂಪು ಇರುವುದರಿಂದ ಊರಲ್ಲಿ ಎಲ್ಲೂ ಹಸಿರಿಲ್ಲದಾಗಲೂ ಅಲ್ಲಿ ಹುಲ್ಲಿರುತ್ತದೆ. ಹುಲ್ಲಿನಿಂದ ಹಾಲು, ಹಾಲಿನಿಂದ ಡೇರಿಯ ಬಟವಾಡೆ, ಬಟವಾಡೆಯಿಂದ ಮನೆ. ಅವನ ಹೊಲದಲ್ಲಿ ಮೊದಲ ಕೊಳವೆಬಾವಿ ಕೊರೆದಾಗ 150 ಅಡಿಗೆ ನೀರು ಬಂದಿತ್ತು. ಕೊನೆಯದನ್ನು 1,200 ಅಡಿಗೆ ಇಳಿಸಿದರೂ ಬರೀ ಧೂಳು ಬಂತು. ಅಂಗಳದ ಹುಣಸೆ ಬೀಜಗಳಲ್ಲಿ ಮೂರು ಅವನವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳಿಗೆ ಬರುತ್ತಿದೆ, ನಮ್ಮೂರ ಕೆರೆ ಆ ಸಾಲಿನಲ್ಲಿಲ್ಲ. ನಮಗೆ ಇರುವುದು ಮಳೆ ಒಂದೇ.

"ಕೆರೆಗೆ ನೀರು ಬಂದರೆ ಬಾವಿಗೂ ಬರುತ್ತಲ್ಲೋ" ಎಂದೆ.

"ಬಂದರೆ! ಬರೋವರೆಗೂ ಹಸುವಿಗೆ ಏನು ಹೇಳಲಿ?"

ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಅರ್ಧ ಎಕರೆ ನೀಲಗಿರಿಯ ಮಾತೆತ್ತಿದೆ. ಮರ ಕಡಿಸಿ ಬೇರು ಕೀಳಿಸೋಣ, ಆ ನೆಲ ನೀನು ಮಾಡಿಕೋ, ಮಳೆಗಾಲದಲ್ಲಿ ಮೇವಿನ ಜೋಳ ಬಿತ್ತು ಎಂದೆ.

"ನೀಲಗಿರಿ ಬೇರು ಕೀಳೋಕೆ ಜೆಸಿಬಿ ಬೇಕು. ಬಾಡಿಗೆ ಯಾರು ಕೊಡೋದು?"

"ಕಲ್ಲು ಹೊತ್ತವನು ಕೊಡ್ತಾನೆ."

ತಮ್ಮ ಕತ್ತಲಲ್ಲಿ ನನ್ನ ಕಡೆ ತಿರುಗಿದ. ಅವನಾಗ ಆರೇಳು ವರ್ಷದ ಹುಡುಗ, ಅವನಿಗೆ ಆ ಸಂಗತಿ ಗೊತ್ತೇ ಇರಲಿಲ್ಲ. "ಮೇಲಿನ ಹೊಲದಲ್ಲಿ ಬೇಸಿಗೆಗೆ ಏನೂ ಬೆಳೆಯಲ್ಲ ಅಣ್ಣಾ. ನಾಲ್ಕು ತಿಂಗಳು ಮೇವು ಕೊಳ್ಳಲೇಬೇಕು" ಎಂದ. ಆಗ ಒಳಗಿಂದ ನಾದಿನಿಯ ದನಿ ಬಂತು, "ಕಾಲುವೆ ದಡದ ಮೇಲೆ ಹುಲ್ಲು ಹಾಕಬಾರದು ಅಂತ ಯಾರಾದರೂ ಹೇಳಿದರಾ? ದಡ ಗಟ್ಟಿಯಾಗುತ್ತೆ, ನಮಗೂ ಒಂದಿಷ್ಟು ಸಿಗುತ್ತೆ."

ಮಾರನೆಯ ದಿನದ ಸಭೆಯಲ್ಲಿ ಆಕೆಯ ಮಾತನ್ನೇ ಮೇಡಂ ಬರೆದುಕೊಂಡಳು. ಕಾಲುವೆಯ ಎರಡು ದಡಕ್ಕೂ ಹುಲ್ಲು, ಕೊಯ್ದುಕೊಳ್ಳುವ ಹಕ್ಕು ಪಕ್ಕದ ಹೊಲದವರಿಗೆ.

ಮೂರನೆಯ ದಿನ

ಸಭೆಯಲ್ಲಿ ನಾನು ಎದ್ದು ನಿಂತು, ನಮ್ಮ ಹೊಲದ ಮುಂದೆ ಕಾಲುವೆ ಕಿರಿದಾದದ್ದು ಹೇಗೆ ಎಂದು ಹೇಳಿದೆ. ಸಾವಿರಾರು ಮಕ್ಕಳ ಮುಂದೆ ಪಾಠ ಮಾಡಿದ ನಾಲಿಗೆ ಅವತ್ತು ಎರಡು ಸಲ ತೊದಲಿತು. ತಮ್ಮ ತಲೆ ಬಗ್ಗಿಸಿ ಕೂತಿದ್ದ, ಆದರೆ ಕೊನೆಗೆ, "ಬಿಡ್ತೀವಿ. ರಾಗಿ ಬಿತ್ತನೆಗೆ ಮುಂಚೆ ಮಾಡಿಬಿಡಿ" ಎಂದು ಅವನೇ ಹೇಳಿದ. ಆಮೇಲೆ ಇನ್ನಿಬ್ಬರು ಎದ್ದು ತಮ್ಮ ಕಡೆಯೂ ಅಳೆಯಿರಿ ಎಂದರು. ಒಬ್ಬರು ಎದ್ದು ಹೊರಟೇಹೋದರು, ಅವರ ಹೊಲದ ಹತ್ತಿರ ಕಾಲುವೆ ಈಗಲೂ ಒಂಬತ್ತು ಅಡಿಯೇ ಇದೆ.

ಅಂದು ಬರೆದ ಯೋಜನೆ ಎರಡೇ ಹಾಳೆ. ಗುಡ್ಡದ ಬಂಡೆ, ದೊಣೆ: ಹಾಗೇ ಬಿಡುವುದು. ಗೋಮಾಳ: ಮೂರು ಪಾಲು, ಸಮಮಟ್ಟದ ಬದು. ಹೊಲಗಳು: ಒಡೆದ ಬದುಗಳ ದುರಸ್ತಿ, ನೀರು ಮೀರುವಲ್ಲಿ ಕಲ್ಲಿನ ದಾರಿ. ರಾಜಕಾಲುವೆ: ಎಂಟಾಣೆ. ಕೆರೆಯ ಹೂಳು ಕಟ್ಟಕಡೆಗೆ. ತೆಗೆದ ಗೋಡನ್ನು ಮೊದಲು ಮೇಲ್ಮಣ್ಣು ಕಳೆದುಕೊಂಡ ಹೊಲಗಳಿಗೆ ಹಾಕುವುದು. ಆ ಪಟ್ಟಿಯಲ್ಲಿ ಎದುರು ದಡದ ಅಕ್ಕನ ಹೊಲ ಮೊದಲನೆಯದು. ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಪಡೆದರು.

ಊರಿನಿಂದ ಹೊರಡುವಾಗ ಮೊಮ್ಮಗಳು ತಾನು ಬರೆದ ನಕ್ಷೆಯನ್ನು ಚಿಕ್ಕತಾತನಿಗೆ ಕೊಟ್ಟಳು. ಅದರಲ್ಲಿ ಗುಡ್ಡ, ನವಿಲಿನ ಹೆಜ್ಜೆಯ ದೊಣೆ, ಕುರಿ ಅಜ್ಜಿ, ನೀಲಗಿರಿ, ಕೆರೆ ಎಲ್ಲ ಇತ್ತು. ನಮ್ಮ ಹೊಲದ ಪಕ್ಕ ಪೆನ್ಸಿಲಿನಲ್ಲಿ 'ಐದು ಅಡಿ' ಎಂದು ಬರೆದಿದ್ದಳು. ಬಸ್ಸಿನಲ್ಲಿ ಕೇಳಿದಳು, "ತಾತ, ನಿಮಗೆ ನನ್ನ ಮೇಲೆ ಕೋಪವಾ? ನಾನು ಅಷ್ಟು ಜೋರಾಗಿ ಕೂಗಬಾರದಿತ್ತಾ?"

"ಕೂಗದೇ ಇದ್ದಿದ್ದರೆ ಕೋಪ ಬರ್ತಿತ್ತು" ಎಂದೆ.

ಅಕ್ಟೋಬರಿನ ಒಂದು ರಾತ್ರಿ ತಮ್ಮನ ಫೋನು ಬಂತು. ಹಿಂದಿನ ದಿನ ಎರಡು ಗಂಟೆ ಬಿಡದೆ ಮಳೆ. ಕಾಲುವೆ ದಡ ಒಡೆಯದೆ ಹರಿಯಿತಂತೆ. ಕೆರೆ ತುಂಬಲಿಲ್ಲ, ಅರ್ಧವೂ ಆಗಲಿಲ್ಲ. ಆದರೆ ತೂಬಿನ ಬುಡಕ್ಕೆ ನೀರು ಬಂತು, ಊರಿನ ಹುಡುಗರೆಲ್ಲ ಹೋಗಿ ನೋಡಿದರು, ನೀರಗಂಟಿ ಅಣ್ಣ ಕತ್ತಲಾಗುವವರೆಗೂ ಏರಿಯ ಮೇಲೇ ಕೂತಿದ್ದರಂತೆ. ಹುಲ್ಲಿನ ವಿಷಯ ಕೇಳಿದೆ. "ಮುಂದಿನ ಬೇಸಿಗೆಗೆ ಮೇವಿಗೆ ದುಡ್ಡು ಎತ್ತಿಡಬೇಕು, ನಿನಗೂ ಫೋನ್ ಮಾಡ್ತೀನಿ ಬಿಡು" ಎಂದು ನಕ್ಕ. ಆಮೇಲೆ, "ಪುಟ್ಟಿಗೆ ಕೊಡು" ಎಂದ.

ಅವಳು ಫೋನು ಹಿಡಿದು ಕೇಳಿಸಿಕೊಂಡಳು. ಇಟ್ಟ ಮೇಲೆ ನನ್ನ ಕಡೆ ತಿರುಗಿ, "ತಾತ, ಚಿಕ್ಕತಾತ ನಕ್ಷೆ ಗೋಡೆಗೆ ಅಂಟಿಸಿದ್ದಾರಂತೆ. ಐದು ಅಡಿ ಅಳಿಸಿ ಹದಿನಾರೂವರೆ ಅಂತ ಅವರೇ ಬರೆದರಂತೆ" ಎಂದಳು.